ಸಲಿಂಗ ಪ್ರೇಮದ ಚರ್ಚೆಯಲ್ಲಿ ಶಾಸ್ತ್ರವಾಕ್ಯಗಳನ್ನು ಅವುಗಳ ಕಾಲದಲ್ಲಿಟ್ಟು ಓದುವುದು ಹೇಗೆ?

ಓದುಬಳಗ, ದಾವಣಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಓದುಬಳಗ ಇದೆ. ಹರಿಹರದಿಂದ ಬರುವ ಕ್ರೈಸ್ತ ಕುಟುಂಬಗಳವರು, ವಚನ ಓದಿಕೊಂಡ ಹಿರಿಯರು, ಇಬ್ಬರು ವಕೀಲರು, ಉರ್ದು ಶಾಲೆಯ ಮೇಷ್ಟ್ರು, ಡಿಗ್ರಿ ಓದುವ ಹುಡುಗ ಹುಡುಗಿಯರು ಎಲ್ಲ ಇದ್ದಾರೆ. ಹೋದ ಸಲ ಸಲಿಂಗ ಪ್ರೇಮದ ಮಾತು ಬಂತು. ಒಬ್ಬರು ಗಂಡಿನೊಡನೆ ಗಂಡು ಕೂಡಬಾರದು ಎನ್ನುವ ಬೈಬಲಿನ ಯಾಜಕಕಾಂಡ 18:22 ಓದಿದರು. ಇನ್ನೊಬ್ಬರು ಮನುಸ್ಮೃತಿ ಎತ್ತಿ, ಇದಕ್ಕೆ ಪ್ರಾಯಶ್ಚಿತ್ತವಾಗಿ ‘ಮನು ಬರೀ ಸ್ನಾನ ಹೇಳಿದ್ದಾನೆ’ ಅಂದರು. ಮತ್ತೊಬ್ಬರು ಶಿಖಂಡಿಯನ್ನೂ ಅಯ್ಯಪ್ಪನನ್ನೂ ತಂದರು. ಅಲ್ಲಿಗೆ ಚರ್ಚೆ ನಿಂತುಹೋಯಿತು, ಬಂದ ಅಭಿಪ್ರಾಯದಲ್ಲೇ ಎಲ್ಲರೂ ಎದ್ದು ಹೋದರು.

ಮುಂದಿನ ಸಭೆಗೆ ಎರಡು ಗಂಟೆ ಇದೆ. ವಾಕ್ಯಗಳನ್ನು ಅವುಗಳ ಚರಿತ್ರೆಯ ಸಂದರ್ಭದಲ್ಲಿಟ್ಟು ಓದೋಣ ಅಂತ ತೀರ್ಮಾನ ಮಾಡಿದ್ದೇವೆ. ಆದರೆ ಅದನ್ನು ಕ್ರಮವಾಗಿ ಮಾಡುವುದು ಹೇಗೆ? ಯಾವ ಭಾಗ ತೆಗೆದುಕೊಳ್ಳಬೇಕು, ಎಷ್ಟು ಹಿಂದೆ ಮುಂದೆ ಓದಬೇಕು? ‘ಸಂದರ್ಭ ಸಂದರ್ಭ ಅಂತ ಹೇಳಿ ಬೇಡದ ಮಾತಿನಿಂದ ಜಾರಿಕೊಳ್ಳುತ್ತೀರಿ’ ಅಂತ ಒಬ್ಬ ಹಿರಿಯರು ಈಗಾಗಲೇ ಹೇಳಿದ್ದಾರೆ. ಆ ಆಕ್ಷೇಪಕ್ಕೆ ಗೌರವದಿಂದ ಏನು ಉತ್ತರ ಕೊಡಬಹುದು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

---

ಕೋಟೆಸಾಲು, ಚಿತ್ರದುರ್ಗ

ಬೈಬಲ್ ಭಾಗದ ಬಗ್ಗೆ ಬರೆಯುತ್ತೇನೆ, ಉಳಿದದ್ದನ್ನು ಬಲ್ಲವರು ಬರೆಯಲಿ.

ಮೊದಲು ಕ್ರಮ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನ ಹೇಗೆ ಶುರುವಾಗುತ್ತದೆ ನೋಡಿ: ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕ್ಷೇಮ ಕೇಳಿ, ಆಮೇಲೆ ರಾಜಾಜ್ಞೆ ತಿಳಿಸುತ್ತಾರೆ. ಯಾರು, ಯಾರಿಗೆ, ಎಲ್ಲಿಂದ ಎಲ್ಲಿಗೆ ಎಂಬುದು ಮೊದಲ ಸಾಲಿನಲ್ಲೇ ಇದೆ. ಕೊನೆಯಲ್ಲಿ ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಬಂಡೆ ಅಲ್ಲೇ ಇರುವುದರಿಂದ ಯಾವ ಊರಿಗೆ ಹೇಳಿದ್ದು ಎಂಬ ಅನುಮಾನವೂ ಇಲ್ಲ. ಧರ್ಮಗ್ರಂಥಗಳು ಹಾಗಲ್ಲ. ಶತಮಾನಗಳ ಕಾಲ ಪ್ರತಿ ಮಾಡುತ್ತಾ ಬಂದವು, ಅಧ್ಯಾಯ ವಾಕ್ಯಗಳ ಅಂಕಿ ಆಮೇಲೆ ಸೇರಿದ್ದು. ಶಾಸನದ ಮೊದಲ ಸಾಲು ತಾನಾಗಿ ಕೊಡುವುದನ್ನು ಗ್ರಂಥದಲ್ಲಿ ನಾವೇ ಹುಡುಕಿ ತೆಗೆಯಬೇಕು. ಹೇಳುವವರು ಯಾರು, ಕೇಳುವವರು ಯಾರು, ಆ ಮಾತಿನ ಹಿಂದೆ ಮುಂದೆ ಏನಿದೆ, ತಪ್ಪಿದರೆ ಏನು ಶಿಕ್ಷೆ, ಅದೇ ಪಟ್ಟಿಯಲ್ಲಿ ಇನ್ನೇನಿದೆ. ಈ ಐದನ್ನು ಪ್ರತಿ ಭಾಗಕ್ಕೂ ಕೇಳಿ. ಒಂದು ಹಾಳೆಯಲ್ಲಿ ಐದು ಕಾಲಂ ಎಳೆದು ಎಲ್ಲರಿಗೂ ಕೊಟ್ಟರೆ ಮಾತು ಹಳಿ ತಪ್ಪುವುದಿಲ್ಲ.

ಸೊದೋಮ್‌ನಿಂದ ಶುರು ಮಾಡಿ, ಏಕೆಂದರೆ ಎಲ್ಲರೂ ಕೇಳಿರುವ ಕಥೆ, ಅತಿ ಹೆಚ್ಚು ತಪ್ಪು ಓದಿರುವ ಕಥೆಯೂ ಹೌದು. ಆದಿಕಾಂಡ 19ನ್ನು 18ರ ಜೊತೆಗೇ ಓದಬೇಕು. 18ರಲ್ಲಿ ಅಬ್ರಹಾಮನು ಅಪರಿಚಿತರಿಗೆ ನೀರು ಕೊಟ್ಟು, ರೊಟ್ಟಿ ಸುಡಿಸಿ, ಕರು ಕೊಯ್ಸಿ ಸತ್ಕಾರ ಮಾಡುತ್ತಾನೆ. 19ರಲ್ಲಿ ಆ ಅತಿಥಿಗಳಲ್ಲಿ ಇಬ್ಬರನ್ನು ಊರ ಗಂಡಸರು ಮನೆ ಸುತ್ತುವರಿದು ಹೊರಗೆ ಎಳೆಯಲು ನೋಡುತ್ತಾರೆ. ಇದು ಗುಂಪು ಅತ್ಯಾಚಾರದ ಯತ್ನ. ಅವರಿಗೆ ಮನೆಯಲ್ಲಿ ಜಾಗ ಕೊಟ್ಟ ಲೋಟನು ಅತಿಥಿಗಳ ಬದಲು ತನ್ನ ಹೆಣ್ಣುಮಕ್ಕಳನ್ನು ಕೊಡುತ್ತೇನೆ ಎನ್ನುವ 8ನೆಯ ವಾಕ್ಯವನ್ನು ಬಿಟ್ಟು ಓದಬೇಡಿ, ಆ ಕಾಲದ ಲೆಕ್ಕಾಚಾರ ಅಲ್ಲೇ ಕಾಣುತ್ತದೆ. ಪಕ್ಕದಲ್ಲಿ ನ್ಯಾಯಸ್ಥಾಪಕರು 19 ಇಡಿ. ಗಿಬೆಯ ಊರಿನಲ್ಲಿ ಇದೇ ಬಗೆಯ ಗುಂಪು ಗಂಡು ಅತಿಥಿಯನ್ನು ಕೇಳುತ್ತದೆ, ಕೊನೆಗೆ ಒಬ್ಬ ಹೆಂಗಸನ್ನು ರಾತ್ರಿಯಿಡೀ ಹಿಂಸಿಸಿ ಸಾಯಿಸುತ್ತದೆ. ಎರಡನ್ನೂ ಒಟ್ಟಿಗೆ ಓದಿದವರಿಗೆ ಇದು ಹೊರಗಿನವರನ್ನು ಅವಮಾನಿಸುವ ಹಿಂಸೆಯ ಕಥೆ ಎಂದು ಬೇರೆ ಹೇಳಬೇಕಾಗಿಲ್ಲ.

ಆಮೇಲೆ ಯೆಹೆಜ್ಕೇಲ 16:49. ಸೊದೋಮಿನ ದೋಷ ಗರ್ವ, ಹೊಟ್ಟೆ ತುಂಬಿದ ಸೊಕ್ಕು, ಬಡವರ ಕೈ ಹಿಡಿಯದೆ ಇದ್ದದ್ದು ಎನ್ನುತ್ತದೆ. ಉದಾರವಾದಿಗಳು ಇಲ್ಲಿ ಪುಸ್ತಕ ಮುಚ್ಚುತ್ತಾರೆ. ಮುಚ್ಚಬಾರದು. 50ನೆಯ ವಾಕ್ಯ ಅವರು ಅಸಹ್ಯ ಕಾರ್ಯ ಮಾಡಿದರು ಎಂದೂ ಹೇಳುತ್ತದೆ. ಯೂದನ ಪತ್ರಿಕೆಯ 7ನೆಯ ವಾಕ್ಯದಲ್ಲಿ ಲೈಂಗಿಕ ದೋಷದ ಮಾತೇ ಇದೆ. 49 ಓದಿ 50 ಬಿಡುವುದು, 50 ಓದಿ 49 ಬಿಡುವುದು, ಎರಡೂ ಒಂದೇ ತಪ್ಪು. ಹಿರಿಯರ ಆಕ್ಷೇಪಕ್ಕೆ ನಿಮ್ಮ ಉತ್ತರ ಇಲ್ಲಿಂದಲೇ ಶುರುವಾಗಬೇಕು: ಸಂದರ್ಭ ನೋಡುವುದೆಂದರೆ ನಮಗೆ ಒಗ್ಗದ ಸಾಲನ್ನೂ ಮೇಜಿನ ಮೇಲೆ ಇಡುವುದು.

ಯಾಜಕಕಾಂಡಕ್ಕೆ ಬರೋಣ. 18:22 ಒಂದನ್ನೇ ಓದಿದರೆ ಏನೂ ತಿಳಿಯದು, 18ನೆಯ ಅಧ್ಯಾಯ ಪೂರ್ತಿ ಓದಿ. ಗಟ್ಟಿಯಾಗಿ ಓದಿದರೂ ಆರೇಳು ನಿಮಿಷ. 3ನೆಯ ವಾಕ್ಯ ಚೌಕಟ್ಟು: ಐಗುಪ್ತದವರಂತೆ (ಈಜಿಪ್ಟಿನವರಂತೆ) ಮಾಡಬೇಡಿ, ಕಾನಾನಿನವರಂತೆ ಮಾಡಬೇಡಿ. 6ರಿಂದ 18 ರಕ್ತಸಂಬಂಧಿಗಳೊಡನೆ ಕೂಡುವುದರ ನಿಷೇಧ. 19 ಮುಟ್ಟಾದವಳೊಡನೆ, 20 ನೆರೆಯವನ ಹೆಂಡತಿಯೊಡನೆ, 21 ಮೋಲೆಕನೆಂಬ ಅನ್ಯದೇವತೆಗೆ ಮಕ್ಕಳನ್ನು ಅರ್ಪಿಸುವುದು, 22 ಗಂಡಿನೊಡನೆ ಗಂಡು, 23 ಪಶುವಿನೊಡನೆ. ಸುತ್ತಲಿನ ದೊಡ್ಡ ಜನಾಂಗಗಳ ನಡುವೆ ಒಂದು ಸಣ್ಣ ಜನಾಂಗ ತನ್ನ ಗಡಿ, ವಂಶ, ಶುದ್ಧಿಯನ್ನು ಕಾಯ್ದುಕೊಳ್ಳುವ ನಿಯಮಗಳು ಇವು. ಹೆಣ್ಣು ಹೆಣ್ಣಿನ ಸಂಬಂಧದ ಮಾತು ಇಡೀ ಯಾಜಕಕಾಂಡದಲ್ಲಿ ಎಲ್ಲಿಯೂ ಇಲ್ಲ. ವಂಶ ಮತ್ತು ಗಂಡಿನ ಬೀಜದ ಚಿಂತೆ ಇಲ್ಲಿ ಮುಖ್ಯ ಎನ್ನುವವರು ಇದನ್ನು ಸಾಕ್ಷಿಯಾಗಿ ತೋರಿಸುತ್ತಾರೆ.

ಇಲ್ಲಿ ಎರಡು ದುರ್ಬಲ ವಾದ ಬಂದೇ ಬರುತ್ತವೆ, ಮೊದಲೇ ಸಿದ್ಧರಾಗಿರಿ. ‘ಇದು ಗುಡಿಯ ವೇಶ್ಯಾವೃತ್ತಿಯನ್ನು ಮಾತ್ರ ಕುರಿತದ್ದು’ ಎಂಬುದು ಒಂದು. ವಾಕ್ಯದಲ್ಲಿ ಗುಡಿಯ ಮಾತಿಲ್ಲ, ಕಾನಾನಿನಲ್ಲಿ ಅಂಥ ಪದ್ಧತಿ ಇತ್ತು ಎಂಬುದಕ್ಕೆ ಆಧಾರವೂ ತೆಳು. ‘ರೆಕ್ಕೆ ಪೊರೆ ಇಲ್ಲದ ಮೀನು ತಿನ್ನುತ್ತೀರಿ, ಎರಡು ನೂಲಿನ ಬಟ್ಟೆ ಹಾಕುತ್ತೀರಿ, ಇದನ್ನೇಕೆ ಹಿಡಿದುಕೊಂಡಿದ್ದೀರಿ’ ಎಂಬುದು ಇನ್ನೊಂದು, ಅವೂ ಯಾಜಕಕಾಂಡ ಬೇಡವೆಂದವೇ. ಕೇಳಲು ಚುರುಕಾಗಿದೆ. ಆದರೆ ಆಹಾರದ ನಿಯಮಗಳನ್ನು ಕ್ರೈಸ್ತರು ಸುಮ್ಮನೆ ಬಿಟ್ಟವರಲ್ಲ, ಅಪೊಸ್ತಲರ ಕೃತ್ಯಗಳು 10 ಮತ್ತು 15ರಲ್ಲಿ ಕಾರಣ ಕೊಟ್ಟು ಬಿಟ್ಟರು. ಅದೇ 15ನೆಯ ಅಧ್ಯಾಯ ಲೈಂಗಿಕ ಅನೀತಿಯ ನಿಷೇಧವನ್ನು ಉಳಿಸಿಕೊಂಡಿದೆ. ಈ ವಾದ ತಂದರೆ ಬೈಬಲ್ ಚೆನ್ನಾಗಿ ಓದಿದವರು ಒಂದೇ ನಿಮಿಷದಲ್ಲಿ ಮುರಿಯುತ್ತಾರೆ. ಬದಲಿಗೆ 20ನೆಯ ಅಧ್ಯಾಯದ ಶಿಕ್ಷೆಗಳನ್ನು ಓದಿ. 20:9ರಲ್ಲಿ ತಂದೆತಾಯಿಯನ್ನು ಶಪಿಸಿದವನಿಗೆ, 20:10ರಲ್ಲಿ ವ್ಯಭಿಚಾರಕ್ಕೆ, 20:13ರಲ್ಲಿ ಇದಕ್ಕೆ, ಮೂರಕ್ಕೂ ಮರಣ. ಶಿಕ್ಷೆಯನ್ನು ಇಂದು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ಹಾಗಾದರೆ ಶಿಕ್ಷೆಯನ್ನು ಆ ಕಾಲದ್ದೆಂದು ಬಿಟ್ಟು ನಿಷೇಧವನ್ನು ಎಲ್ಲ ಕಾಲದ್ದೆಂದು ಇಟ್ಟುಕೊಳ್ಳುವ ಗೆರೆಯನ್ನು ಯಾವ ಆಧಾರದ ಮೇಲೆ ಎಳೆಯುತ್ತೇವೆ? ಇದು ಎರಡೂ ಕಡೆಯವರು ಉತ್ತರ ಕೊಡಲೇಬೇಕಾದ ಪ್ರಶ್ನೆ. ಚರ್ಚೆ ಇಲ್ಲಿ ನಡೆಯಲಿ.

ರೋಮಾಪುರದವರಿಗೆ ಅಪೊಸ್ತಲ ಪೌಲ ಪತ್ರ ಬರೆದದ್ದು ಸುಮಾರು ಕ್ರಿ.ಶ. 57ರಲ್ಲಿ. 1:26–27ನ್ನು 1:18ರಿಂದ 2:1ರವರೆಗೆ ಒಂದೇ ಓಟದಲ್ಲಿ ಓದಿ. ವಿಗ್ರಹಾರಾಧನೆಯಿಂದ ಶುರುವಾಗಿ, ಕಾಮದ ಉರಿ ಬಂದು, ಹೊಟ್ಟೆಕಿಚ್ಚು, ಕೊಲೆ, ಚಾಡಿಮಾತು, ತಂದೆತಾಯಿಗೆ ಅವಿಧೇಯತೆ ಎಂದು ಪಟ್ಟಿ ಬೆಳೆಯುತ್ತದೆ. ಕೇಳುವವನು ತಲೆದೂಗುತ್ತಿರುವಾಗ 2:1ರಲ್ಲಿ ‘ತೀರ್ಪು ಕೊಡುವವನೇ, ನಿನಗೂ ನೆವವಿಲ್ಲ’ ಎಂಬರ್ಥದ ಮಾತು ಬರುತ್ತದೆ. ಅಧ್ಯಾಯದ ಗೆರೆ ನೋಡಿ 1:32ಕ್ಕೇ ನಿಲ್ಲಿಸುವುದರಿಂದ ಈ ತಿರುವು ಕೈತಪ್ಪುತ್ತದೆ, ಇದು ತುಂಬಾ ಕಡೆ ಆಗುವ ತಪ್ಪು. ರೋಮಿನ ಸಮಾಜವನ್ನೂ ಎರಡು ಮಾತಿನಲ್ಲಿ ಹೇಳಿ: ಅಲ್ಲಿ ಸ್ವತಂತ್ರ ಪುರುಷ ತನ್ನ ಗುಲಾಮ ಹುಡುಗನನ್ನು ಬಳಸಿಕೊಂಡರೆ ತಪ್ಪೆನಿಸುತ್ತಿರಲಿಲ್ಲ, ಸ್ವತಂತ್ರ ಪುರುಷನೇ ಇನ್ನೊಬ್ಬನ ಕೈಕೆಳಗಾದರೆ ಅವಮಾನ. ಪೌಲನ ಕಣ್ಣೆದುರಿದ್ದ ಸಂಬಂಧಗಳಲ್ಲಿ ಬಹುಪಾಲು ಯಜಮಾನ ಮತ್ತು ಗುಲಾಮ, ದೊಡ್ಡವ ಮತ್ತು ಹುಡುಗ ಇವರ ನಡುವಿನವು. 1 ಕೊರಿಂಥ 6:9ನ್ನು ಮೊದಲ ಸಭೆಗೆ ತರಬೇಡಿ, ಗ್ರೀಕ್ ಬಲ್ಲವರಿಲ್ಲದೆ ಅಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು.

---

ತುಂಗಭದ್ರಾ ದಂಡೆ, ಹರಿಹರ

ಕೋಟೆಸಾಲು ಅವರೇ, ಯಾಜಕಕಾಂಡದ ದುರ್ಬಲ ವಾದಗಳನ್ನು ನೀವೇ ಮುಂದೆ ಬಂದು ತಳ್ಳಿಹಾಕಿದ್ದಕ್ಕೆ ಧನ್ಯವಾದ. ನಾನು ಸಾಂಪ್ರದಾಯಿಕ ಓದಿನ ಪರ ನಿಲ್ಲುವವನು, ನಮ್ಮ ಕಡೆಯ ವಾದವನ್ನೂ ಅದರ ಬಲದಲ್ಲೇ ಇಡಬೇಕೆಂದು ಬರೆಯುತ್ತಿದ್ದೇನೆ.

20:13 ಇಬ್ಬರಿಗೂ ಒಂದೇ ಶಿಕ್ಷೆ ಹೇಳುತ್ತದೆ. ಅದು ಅತ್ಯಾಚಾರವನ್ನು ಮಾತ್ರ ಕುರಿತದ್ದಾಗಿದ್ದರೆ ಬಲಿಯಾದವನಿಗೂ ಮರಣವೇಕೆ? ಧರ್ಮೋಪದೇಶಕಾಂಡ 22:25–26 ಅತ್ಯಾಚಾರಕ್ಕೊಳಗಾದ ಹೆಣ್ಣಿನ ಮೇಲೆ ದೋಷವಿಲ್ಲವೆಂದು ಸ್ಪಷ್ಟವಾಗಿ ಬಿಡುತ್ತದೆ, ಆ ವ್ಯತ್ಯಾಸ ಆ ಧರ್ಮಶಾಸ್ತ್ರಕ್ಕೆ ಗೊತ್ತಿತ್ತು. ರೋಮಾ 1:26ರಲ್ಲಿ ಹೆಂಗಸರ ಮಾತಿದೆ, 27ರಲ್ಲಿ ‘ಒಬ್ಬರನ್ನೊಬ್ಬರು’ ಬಯಸಿದರು ಎಂದಿದೆ. ಗುಲಾಮ ಹುಡುಗರ ಶೋಷಣೆಯೊಂದೇ ಪೌಲನ ಗುರಿ ಎನ್ನಲು ಇದು ಅಡ್ಡ ಬರುತ್ತದೆ. ವಯಸ್ಕರ ದೀರ್ಘ ಸಂಬಂಧ ಗ್ರೀಕ್ ಲೋಕಕ್ಕೆ ತೀರಾ ಅಪರಿಚಿತವೂ ಅಲ್ಲ, ಅಥೆನ್ಸಿನ ಪೌಸನಿಯಸ್ ಮತ್ತು ಅಗಥಾನ್‌ರ ಸಂಬಂಧ ಎಲ್ಲರಿಗೂ ತಿಳಿದಿತ್ತು. ಇನ್ನೊಂದು, ನಮ್ಮ ಓದು ಈ ಐದಾರು ವಾಕ್ಯಗಳ ಮೇಲೆ ಮಾತ್ರ ನಿಂತಿಲ್ಲ. ಆದಿಕಾಂಡ 1 ಮತ್ತು 2ರ ಗಂಡು ಹೆಣ್ಣಿನ ಸೃಷ್ಟಿ, ಅದನ್ನು ಯೇಸು ಮತ್ತಾಯ 19:4–6ರಲ್ಲಿ ಎತ್ತಿ ಹೇಳಿದ್ದು, ನಮಗೆ ಬುನಾದಿ ಅದು. ಓದುಬಳಗದವರು ಆ ಭಾಗವನ್ನು ಬಿಟ್ಟು ಸಭೆ ನಡೆಸಿದರೆ ಚರ್ಚಿನಿಂದ ಬಂದವರಿಗೆ ತಮ್ಮ ಮಾತೇ ಬರಲಿಲ್ಲ ಅನ್ನಿಸುತ್ತದೆ.

---

ಕೋಟೆಸಾಲು, ಚಿತ್ರದುರ್ಗ

ತುಂಗಭದ್ರಾ ಅವರ ಎಲ್ಲ ಅಂಶವೂ ಹಾಳೆಯಲ್ಲಿ ಬರಬೇಕು. ಮತ್ತಾಯ 19ರ ಬಗ್ಗೆ ಒಂದೇ ಸೇರಿಕೆ: 3ನೆಯ ವಾಕ್ಯದಲ್ಲಿ ಫರಿಸಾಯರು (ಯೆಹೂದ್ಯರ ಒಂದು ಧಾರ್ಮಿಕ ಪಂಗಡ) ಕೇಳಿದ ಪ್ರಶ್ನೆ ಹೆಂಡತಿಯನ್ನು ಬಿಡುವುದರ ಬಗ್ಗೆ. ಉತ್ತರ ಆ ಪ್ರಶ್ನೆಗೆ ಬಂದದ್ದು. 12ನೆಯ ವಾಕ್ಯದಲ್ಲಿ ಹುಟ್ಟಿನಿಂದ ನಪುಂಸಕರು, ಮನುಷ್ಯರಿಂದ ಆದವರು, ಪರಲೋಕ ರಾಜ್ಯಕ್ಕಾಗಿ ತಾವೇ ಆದವರು ಎಂದು ಮದುವೆಯಿಂದ ಹೊರಗಿರುವವರ ಮಾತೂ ಬರುತ್ತದೆ. 4ರಿಂದ 6 ಓದುವವರು 3ರಿಂದ 12 ಓದಲಿ.

ಪೌಲ ನಿಷೇಧಿಸಲಿಲ್ಲ ಎಂದು ನಾನು ಹೇಳುತ್ತಿಲ್ಲ. ಅವನು ಕಂಡು ಖಂಡಿಸಿದ್ದು, ಇಂದು ಇಬ್ಬರು ಸಮಾನರು ಜೀವನಪೂರ್ತಿ ಒಟ್ಟಿಗಿರುತ್ತೇವೆ ಎನ್ನುವುದು, ಎರಡೂ ಒಂದೇನಾ ಎಂಬುದೇ ನಿಜವಾದ ವಿವಾದ. ಒಂದೇ ಎಂದು ನಿಮ್ಮ ಓದು, ಅಲ್ಲ ಎಂದು ನನ್ನ ಓದು. ಚರಿತ್ರೆ ನಮ್ಮನ್ನು ಈ ಪ್ರಶ್ನೆಯ ಬಾಗಿಲವರೆಗೆ ತರುತ್ತದೆ. ಒಳಗಿನ ತೀರ್ಮಾನಕ್ಕೆ ಗ್ರಂಥದ ಅಧಿಕಾರ, ಸಭೆಯ ಪರಂಪರೆ, ಮನುಷ್ಯರ ಬದುಕಿನ ಅರಿವು ಎಲ್ಲ ಬೇಕು. ಸಂದರ್ಭ ಗೊತ್ತಾದ ಮಾತ್ರಕ್ಕೆ ವಾಕ್ಯ ರದ್ದಾಯಿತು ಎನ್ನುವವರನ್ನೂ, ವಾಕ್ಯ ಇದೆ ಅಂದಮೇಲೆ ಸಂದರ್ಭ ಬೇಡ ಎನ್ನುವವರನ್ನೂ ನಡೆಸುವವರು ಅಲ್ಲಲ್ಲೇ ತಡೆಯಬೇಕು.

---

ಧರ್ಮಶಾಸ್ತ್ರ ವಾಚಕ

‘ಮನು ಬರೀ ಸ್ನಾನ ಹೇಳಿದ್ದಾನೆ’ ಎಂಬುದು ಅರ್ಧ ಮಾತು. ಪೂರ್ತಿ ಬರೆಯುತ್ತೇನೆ. ಶ್ಲೋಕದ ಅಂಕಿ ಮುದ್ರಣದಿಂದ ಮುದ್ರಣಕ್ಕೆ ಒಂದೆರಡು ಆಚೀಚೆ ಆಗುತ್ತದೆ, ನಿಮ್ಮ ಪುಸ್ತಕದಲ್ಲಿ ಅಕ್ಕಪಕ್ಕ ನೋಡಿಕೊಳ್ಳಿ. ಎಲ್ಲರೂ ಒಂದೇ ಮುದ್ರಣ ತಂದರೆ ಅರ್ಧ ಗಂಟೆ ಉಳಿಯುತ್ತದೆ.

ಮನುವಿನಲ್ಲಿ ಎರಡು ಬೇರೆ ಜಾಗಗಳಿವೆ. 8ನೆಯ ಅಧ್ಯಾಯ ರಾಜನ ನ್ಯಾಯಸ್ಥಾನದ್ದು, ಅಲ್ಲಿ ದಂಡ. 11ನೆಯದು ಪ್ರಾಯಶ್ಚಿತ್ತದ್ದು, ಅಲ್ಲಿ ತಪ್ಪು ಮಾಡಿದವನೇ ತನ್ನ ಶುದ್ಧಿಗೆ ಮಾಡಿಕೊಳ್ಳುವ ವ್ರತ. ಈ ಎರಡನ್ನು ಬೆರೆಸಿದರೆ ಎಲ್ಲವೂ ಕಲಸಿಹೋಗುತ್ತದೆ.

11.175ರ ಹೊತ್ತಿಗೆ ಬರುವ ಶ್ಲೋಕ: ದ್ವಿಜನು ಗಂಡಿನೊಡನೆ ಕೂಡಿದರೆ, ಅಥವಾ ಹೆಣ್ಣಿನೊಡನೆ ಎತ್ತಿನ ಗಾಡಿಯಲ್ಲಿ, ನೀರಿನಲ್ಲಿ, ಹಗಲಿನಲ್ಲಿ ಕೂಡಿದರೆ, ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಬೇಕು. ನಿಮ್ಮ ಗೆಳೆಯರು ಹೇಳಿದ್ದು ಇದನ್ನೇ. ಪಟ್ಟಿಯಲ್ಲಿ ಜೊತೆಗಿರುವುದನ್ನು ನೋಡಿ, ಹೆಂಡತಿಯೊಡನೆ ಹಗಲು ಕೂಡಿದವನೂ ಅದೇ ಸಾಲಿನಲ್ಲಿದ್ದಾನೆ. ಆದರೆ ಅದೇ ಅಧ್ಯಾಯದ 68ರಲ್ಲಿ ಬೇರೆ ಮಾತಿದೆ: ಬ್ರಾಹ್ಮಣನಿಗೆ ನೋವು ಮಾಡುವುದು, ಮೂಸಬಾರದ್ದನ್ನೂ ಮದ್ಯವನ್ನೂ ಮೂಸುವುದು, ಕುಟಿಲತನ, ಗಂಡಿನೊಡನೆ ಮೈಥುನ, ಇವು ಜಾತಿಭ್ರಂಶಕರ, ಅಂದರೆ ಜಾತಿಯಿಂದ ಬೀಳಿಸುವಂಥವು. ಇದರ ಪ್ರಾಯಶ್ಚಿತ್ತ 125ರಲ್ಲಿದೆ. ಬೇಕೆಂದೇ ಮಾಡಿದ್ದರೆ ಸಾಂತಪನ ಕೃಚ್ಛ್ರ, ತಿಳಿಯದೆ ಆಗಿದ್ದರೆ ಪ್ರಾಜಾಪತ್ಯ. ಸಾಂತಪನ ಅಂದರೆ ಗೋಮೂತ್ರ, ಗೋಮಯ, ಹಾಲು, ಮೊಸರು, ತುಪ್ಪ, ದರ್ಭೆಯ ನೀರು ಇಷ್ಟರ ಮೇಲೆ ಒಂದು ದಿನ, ಮಾರನೆಯ ದಿನ ಉಪವಾಸ. ಪ್ರಾಜಾಪತ್ಯ ಹನ್ನೆರಡು ದಿನದ್ದು: ಮೂರು ದಿನ ಬೆಳಗ್ಗೆ ಮಾತ್ರ ಊಟ, ಮೂರು ದಿನ ರಾತ್ರಿ ಮಾತ್ರ, ಮೂರು ದಿನ ಬೇಡದೆ ಸಿಕ್ಕಿದ್ದು, ಮೂರು ದಿನ ಉಪವಾಸ. ಒಂದೇ ಅಧ್ಯಾಯದಲ್ಲಿ ಒಂದು ಕಡೆ ಸ್ನಾನ, ಇನ್ನೊಂದು ಕಡೆ ಜಾತಿಭ್ರಂಶ. ಈ ಗ್ರಂಥ ಬೇರೆ ಬೇರೆ ಪದರಗಳು ಕೂಡಿ ಬೆಳೆದದ್ದು ಎಂಬುದಕ್ಕೆ ಇಂಥವೇ ಗುರುತು. ‘ಮನು ಸಲಿಂಗಿಗಳಿಗೆ ಉದಾರಿ’ ಎಂದೂ ಹೇಳಲಾಗದು, ‘ಘೋರ ಶಿಕ್ಷೆ ಇಟ್ಟ’ ಎಂದೂ ಹೇಳಲಾಗದು. ಹೋಲಿಸಬೇಕೆಂದರೆ 8.371–372 ತೆಗೆಯಿರಿ. ಗಂಡನನ್ನು ಮೀರಿದ ಹೆಂಡತಿಯನ್ನು ನಾಯಿಗಳಿಂದ ತಿನ್ನಿಸು, ಅವಳೊಡನಿದ್ದವನನ್ನು ಕಾದ ಕಬ್ಬಿಣದ ಮಂಚದ ಮೇಲೆ ಸುಡು ಎನ್ನುತ್ತದೆ. ಆ ಶಾಸ್ತ್ರಕಾರನಿಗೆ ಎಲ್ಲಕ್ಕಿಂತ ದೊಡ್ಡ ಭಯ ವರ್ಣ, ವಂಶ ಕೆಡುವುದು.

ಹೆಣ್ಣಿನ ವಿಷಯ 8.369–370. ಕನ್ಯೆಯೇ ಕನ್ಯೆಯನ್ನು ಕೆಡಿಸಿದರೆ 200 ಪಣ (ಆ ಕಾಲದ ನಾಣ್ಯ) ದಂಡ, ಕನ್ಯಾಶುಲ್ಕದ ಎರಡರಷ್ಟು, ಹತ್ತು ಛಡಿ. ದೊಡ್ಡ ಹೆಂಗಸು ಕನ್ಯೆಯನ್ನು ಕೆಡಿಸಿದರೆ ತಲೆ ಬೋಳಿಸುವುದು ಅಥವಾ ಎರಡು ಬೆರಳು ಕತ್ತರಿಸುವುದು, ಕತ್ತೆಯ ಮೇಲೆ ಮೆರವಣಿಗೆ. ಇದನ್ನು ಸಲಿಂಗ ಪ್ರೇಮದ ಶಿಕ್ಷೆ ಎಂದು ಎತ್ತಿ ಓದುವುದೇ ದೊಡ್ಡ ತಪ್ಪು. 364ರಿಂದ ಓದಿಕೊಂಡು ಬನ್ನಿ. 367ರಲ್ಲಿ ಬಲವಂತದಿಂದ ಕನ್ಯೆಯನ್ನು ಕೆಡಿಸಿದ ಗಂಡಸಿಗೂ ಎರಡು ಬೆರಳು ಕತ್ತರಿಸಿ 600 ಪಣ. ಇಡೀ ತುಣುಕು ಕನ್ಯೆಯ ಕನ್ಯತ್ವ, ಅವಳ ಮದುವೆಯ ಬೆಲೆಯ ಮೇಲಿದೆ, ಶುಲ್ಕದ ಲೆಕ್ಕ ನಡುವೆ ಬರುವುದೂ ಅದಕ್ಕೇ. ಮದುವೆಯಾದ ಇಬ್ಬರು ಹೆಂಗಸರ ವಿಷಯ ಅಲ್ಲಿ ಬಂದೇ ಇಲ್ಲ. ಗಂಡು ಗಂಡಿನ ವಿಷಯಕ್ಕೂ ಈ ಭಾಗದಲ್ಲಿ ರಾಜದಂಡವಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜದಂಡ ಇದೆ, 4ನೆಯ ಅಧಿಕರಣದ 13ನೆಯ ಅಧ್ಯಾಯ. ಗಂಡಿನೊಡನೆ ಕೂಡಿದವನಿಗೆ ಪೂರ್ವ ಸಾಹಸದಂಡ, ಅಂದರೆ 48ರಿಂದ 96 ಪಣ. ಹಣದ ದಂಡ ಅಷ್ಟೆ. ಕಾಮಸೂತ್ರದ 2ನೆಯ ಅಧಿಕರಣದ 9ನೆಯ ಅಧ್ಯಾಯ ತೃತೀಯಾ ಪ್ರಕೃತಿ, ಅಂದರೆ ಮೂರನೆಯ ಸ್ವಭಾವದವರ ಬಗ್ಗೆ ಬರೆಯುತ್ತದೆ, ಆದರೆ ಅದನ್ನು ಇಂದಿನ ಗುರುತುಗಳಿಗೆ ಸರಿಹೊಂದಿಸಲು ಹೋಗಬೇಡಿ. ಶಿಖಂಡಿಯೂ ಅಷ್ಟೇ. ಅದು ಅಂಬೆಯ ಹಗೆ, ಮರುಹುಟ್ಟು, ಯಕ್ಷನೊಡನೆ ಲಿಂಗ ಬದಲಿಸಿಕೊಂಡ ಕಥೆ, ಸಲಿಂಗ ಪ್ರೇಮದ್ದಲ್ಲ.

ಇನ್ನೊಂದು ಮುಖ್ಯ ವಿಷಯ ಬಿಟ್ಟುಹೋಗಬಾರದು. ನಮ್ಮ ದೇಶದಲ್ಲಿ ಇದನ್ನು ಜೈಲಿನ ಅಪರಾಧ ಮಾಡಿದ್ದು ಮನುವೂ ಅಲ್ಲ, ಕೌಟಿಲ್ಯನೂ ಅಲ್ಲ. 1533ರಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಆದ ಕಾಯ್ದೆ, ಅದರ ಹಿಂದಿನ ಚರ್ಚಿನ ನಿಯಮ, ಆ ಎಳೆ 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮಾಗಿ ಬಂತು. ಅದು 1862ರ ಜನವರಿ 1ರಂದು ಜಾರಿಯಾಯಿತು. ಯಾಜಕಕಾಂಡದ ಓದೊಂದು ಸೊದೋಮಿನ ಕಥೆಯ ಮೂಲಕ ಇಂಗ್ಲಿಷ್ ಕಾನೂನಾಗಿ, ಆಮೇಲೆ ‘ನಮ್ಮ ಸಂಸ್ಕೃತಿ’ ಎಂಬ ಹೆಸರಿನಲ್ಲಿ ನಮ್ಮ ಬಾಯಿಗೆ ಬಂದಿದೆ. ಈ ದಾರಿಯನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿ.

---

ಓದುಬಳಗ, ದಾವಣಗೆರೆ

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಋಣಿ. ಎರಡು ಉಳಿದಿವೆ. ವಚನ ಓದಿದ ಹಿರಿಯರೊಬ್ಬರು ಜೇಡರ ದಾಸಿಮಯ್ಯನ ‘ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ’ ಎಂಬ ವಚನವನ್ನು, ಶರಣಸತಿ ಲಿಂಗಪತಿ ಭಾವವನ್ನು ಸಲಿಂಗ ಪ್ರೇಮಕ್ಕೆ ಆಧಾರವಾಗಿ ಇಡುತ್ತೇನೆ ಅನ್ನುತ್ತಿದ್ದಾರೆ. ಹರಿಹರೇಶ್ವರನನ್ನೂ ಸೇರಿಸುತ್ತಾರಂತೆ. ಮೇಷ್ಟ್ರು ಕುರಾನಿನ ಲೂತರ (ಬೈಬಲಿನ ಲೋಟನ) ಭಾಗ ಓದುತ್ತೇನೆ ಅಂದಿದ್ದಾರೆ. ಇವುಗಳಿಗೆ ಹೇಗೆ ಸಿದ್ಧವಾಗುವುದು?

---

ವಚನ ಓದುಗ, ಸಿರಿಗೆರೆ ಕಡೆ

ಹಿರಿಯರ ಉದ್ದೇಶ ಒಳ್ಳೆಯದು, ನಾನೂ ಆ ಕಡೆಯವನೇ. ಆದರೆ ಯಾಜಕಕಾಂಡಕ್ಕೆ ಹಾಕಿದ ಅಳತೆಯನ್ನು ವಚನಕ್ಕೂ ಹಾಕಬೇಕು. ಇಲ್ಲದಿದ್ದರೆ ಆ ಕಡೆಯವರು ನಮ್ಮನ್ನು ನಂಬಬೇಕಾಗಿಲ್ಲ.

ದಾಸಿಮಯ್ಯನ ವಚನ ನಾಲ್ಕೈದು ಸಾಲಿನದು. ಮೊಲೆ ಮುಡಿ, ಗಡ್ಡ ಮೀಸೆ ಎಂಬ ಹೊರಗುರುತಿನಿಂದ ಹೆಣ್ಣು ಗಂಡು ಎನ್ನುತ್ತಾರೆ, ಒಳಗೆ ಸುಳಿವ ಆತ್ಮಕ್ಕೆ ಆ ಗುರುತಿಲ್ಲ ಎಂದು ರಾಮನಾಥನಿಗೆ ಹೇಳುತ್ತಾನೆ. ಯಾರು ಯಾರನ್ನು ಪ್ರೀತಿಸಬಹುದು ಎಂಬುದು ಅಲ್ಲಿನ ಪ್ರಶ್ನೆಯಲ್ಲ. ದೀಕ್ಷೆ, ಅರಿವು, ಅನುಭಾವಕ್ಕೆ ಹೆಣ್ಣುದೇಹ ಅಡ್ಡಿಯೇ ಎಂಬ ಪ್ರಶ್ನೆ. ಶರಣಸತಿ ಲಿಂಗಪತಿಯಲ್ಲಿ ಗಂಡು ಭಕ್ತ ತನ್ನನ್ನು ಹೆಂಡತಿ ಎಂದುಕೊಳ್ಳುವುದು ಅಹಂಕಾರ ಬಿಟ್ಟು ಒಪ್ಪಿಸಿಕೊಳ್ಳುವ ಭಾವ. ಹೆಂಡತಿ ಅಂದರೆ ಅಧೀನಳು ಎಂಬ ಆ ಕಾಲದ ಕುಟುಂಬ ವ್ಯವಸ್ಥೆಯ ಮೇಲೇ ಆ ರೂಪಕ ನಿಂತಿದೆ. ಅದನ್ನು ಸಮಾನರ ಪ್ರೇಮಕ್ಕೆ ಸಾಕ್ಷಿ ಮಾಡಿದರೆ ವಾದವೂ ಕುಸಿಯುತ್ತದೆ, ವಚನಕ್ಕೂ ಅನ್ಯಾಯ.

ಹಾಗಾದರೆ ವಚನ ಬೇಡವೇ? ಬೇಕು, ಬೇರೆ ಕೆಲಸಕ್ಕೆ. ದೇಹದ ಗುರುತಿನಿಂದ ಮನುಷ್ಯನ ಬೆಲೆ ಕಟ್ಟಬಾರದು ಎಂಬ ತತ್ವ ಅಲ್ಲಿ ಖಚಿತವಾಗಿದೆ. ಆ ತತ್ವವನ್ನು ಇಂದಿನ ಪ್ರಶ್ನೆಗೆ ನಾವು ವಿಸ್ತರಿಸುತ್ತಿದ್ದೇವೆ ಎಂದು ಬಾಯಿಬಿಟ್ಟು ಹೇಳಿ ವಿಸ್ತರಿಸಿ. ‘ದಾಸಿಮಯ್ಯ ಹೀಗಂದ’ ಎನ್ನುವುದು ಬೇರೆ, ‘ದಾಸಿಮಯ್ಯನ ಮಾತಿನಿಂದ ನಾನು ಇಲ್ಲಿಗೆ ಬರುತ್ತೇನೆ’ ಎನ್ನುವುದು ಬೇರೆ. ಎರಡನೆಯದು ಪ್ರಾಮಾಣಿಕವೂ ಹೌದು, ಬಲವಾದದ್ದೂ ಹೌದು. ವಚನದ ಪಾಠವನ್ನು ವಾಟ್ಸ್ಯಾಪ್‌ನಿಂದ ತೆಗೆದುಕೊಳ್ಳಬೇಡಿ. ರಾಜ್ಯ ಸರ್ಕಾರ ತಂದ ಸಮಗ್ರ ವಚನ ಸಂಪುಟದ ಹದಿನೈದು ಸಂಪುಟಗಳಲ್ಲಿ ಅಂಕಿತ ನೋಡಿ ಹುಡುಕಿ. ಓಡಾಡುವ ವಚನಗಳಲ್ಲಿ ಸಾಲು ಬಿಟ್ಟವು, ಅಂಕಿತ ಬದಲಾದವು, ಇತ್ತೀಚೆಗೆ ಯಾರೋ ಬರೆದವು ಎಲ್ಲ ಸೇರಿಕೊಂಡಿವೆ.

ಹರಿಹರೇಶ್ವರನನ್ನು ಈ ಚರ್ಚೆಗೆ ಎಳೆಯುವುದು ಬೇಡ. ಆ ಗುಡಿಯನ್ನು 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ ಕಟ್ಟಿಸಿದ. ಸ್ಥಳಪುರಾಣದಲ್ಲಿ ಹರಿಯಿಂದಲೂ ಹರನಿಂದಲೂ ಸಾವಿಲ್ಲದಂತೆ ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ದೇಹವಾಗುತ್ತಾರೆ. ಶೈವ ವೈಷ್ಣವ ಸಾಮರಸ್ಯದ ಮೂರ್ತಿ ಅದು. ಅಯ್ಯಪ್ಪನ ಹುಟ್ಟಿಗೆ ಸೇರಿದ ಮೋಹಿನಿಯ ಕಥೆ ಬೇರೆ, ಅಲ್ಲಿಯೂ ವಿಷ್ಣು ಹೆಣ್ಣುರೂಪ ತಳೆದ ಮೇಲಿನ ಪ್ರಸಂಗ. ನಮ್ಮ ನೆಲದಲ್ಲಿ ನಿಜವಾಗಿ ಮಾತಾಡಬೇಕಾದದ್ದು ಯಲ್ಲಮ್ಮನ ಜೋಗಪ್ಪಗಳ ಪರಂಪರೆ. ಗ್ರಂಥದಲ್ಲಿ ಇಲ್ಲದ ಒಂದು ಜಾಗವನ್ನು ಜನರ ಆಚರಣೆ ಕೊಟ್ಟಿದೆ, ಜೊತೆಗೆ ಭಿಕ್ಷೆ ಬಿಟ್ಟರೆ ಬೇರೆ ದಾರಿ ಇಲ್ಲದಂತೆಯೂ ಮಾಡಿದೆ. ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಚಪ್ಪಾಳೆ ತಟ್ಟಿದ ಮನೆಗಳಲ್ಲೇ ತಮ್ಮ ಅಂಥ ಮಗುವನ್ನು ಹೊರಗೆ ಹಾಕುವುದು ನಡೆದಿದೆ. ಆದರೆ ಅದು ಲಿಂಗ ಗುರುತಿನ ವಿಷಯ, ಇನ್ನೊಂದು ಸಭೆಗೆ ಇಟ್ಟುಕೊಳ್ಳಿ.

---

ಧರ್ಮಶಾಸ್ತ್ರ ವಾಚಕ

ಕುರಾನಿನ ಭಾಗದ ಬಗ್ಗೆ ಚಿಕ್ಕದಾಗಿ. ಲೂತರ ಜನರ ಪ್ರಸಂಗ ಒಂದೇ ಕಡೆ ಇಲ್ಲ. 7:80–84, 11:77–83, 26:160–175, 27:54–58, 29:28–35 ಮುಖ್ಯ ಜಾಗಗಳು. ಮೇಷ್ಟ್ರಿಗೆ ಎಲ್ಲವನ್ನೂ ಓದಲು ಹೇಳಿ. 7:81ರಲ್ಲಿ ಹೆಂಗಸರನ್ನು ಬಿಟ್ಟು ಗಂಡಸರ ಬಳಿ ಹೋಗುತ್ತೀರಿ ಎಂಬ ಆರೋಪ ನೇರವಾಗಿದೆ. 29:29ರಲ್ಲಿ ಅದರ ಜೊತೆ ದಾರಿ ಅಡ್ಡಗಟ್ಟುವುದು, ಕೂಟಗಳಲ್ಲಿ ಕೆಟ್ಟದ್ದು ಮಾಡುವುದು ಎಂಬ ಆರೋಪಗಳೂ ಇವೆ. ಅತಿಥಿಗಳ ಪ್ರಸಂಗ 11ರಲ್ಲಿದೆ. ಹಳೆಯ ನ್ಯಾಯಪಂಥಗಳೆಲ್ಲ ಇದನ್ನು ನಿಷಿದ್ಧವೆಂದೇ ಹೇಳಿದವು, ಅದನ್ನು ಮುಚ್ಚಿಡಬೇಡಿ. ಆದರೆ ಶಿಕ್ಷೆಯಲ್ಲಿ ಒಮ್ಮತ ಇರಲಿಲ್ಲ. ಇದಕ್ಕೆ ನಿಗದಿಯಾದ ಹದ್ದ್ ಶಿಕ್ಷೆ ಇಲ್ಲ, ನ್ಯಾಯಾಧೀಶನ ವಿವೇಚನೆಯ ತಅಝೀರ್ ಮಾತ್ರ ಎಂದದ್ದು ಅಬೂ ಹನೀಫಾ. ನಮ್ಮ ಕಡೆಯ ಮುಸ್ಲಿಮರಲ್ಲಿ ಹೆಚ್ಚಿನವರು ಅವರ ಪಂಥದ ಹನಫಿಗಳೇ, ಆದ್ದರಿಂದ ಮೇಷ್ಟ್ರಿಗೆ ಇದು ಹೊಸದಾಗಿರಲಾರದು. ತಫ್ಸೀರ್ (ಕುರಾನಿನ ವ್ಯಾಖ್ಯಾನ) ಓದಿದವರು ಒಬ್ಬರಾದರೂ ಇರಲಿ. ಬೇರೆ ಧರ್ಮದವರು ಈ ಭಾಗವನ್ನು ವಿವರಿಸಲು ಹೊರಡುವುದು ಬೇಡ.

ವಕೀಲರಿಗೆ ಹತ್ತು ನಿಮಿಷ ಕೊಡಿ. ಹೇಳಬೇಕಾದ್ದು ಇಷ್ಟು: 2009ರಲ್ಲಿ ದೆಹಲಿ ಹೈಕೋರ್ಟ್ 377ನ್ನು ವಯಸ್ಕರ ಒಪ್ಪಿಗೆಯ ಸಂಬಂಧಕ್ಕೆ ಅನ್ವಯಿಸದಂತೆ ಮಾಡಿತು, 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು, 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಾಧೀಶರ ಪೀಠ ಒಮ್ಮತದಿಂದ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್ 17ರ ತೀರ್ಪು ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಸಮನಾದ ಕಲಮೇ ಇಲ್ಲ. ‘ಕಾನೂನಿನಲ್ಲಿ ಅಪರಾಧ’ ಎಂದು ಯಾರಾದರೂ ಹೇಳಿದರೆ ಅಲ್ಲೇ ತಿದ್ದಿ.

---

ಕೋಟೆಸಾಲು, ಚಿತ್ರದುರ್ಗ

ಸಮಯದ ಹಂಚಿಕೆ. ಎರಡು ಗಂಟೆಯಲ್ಲಿ ಓದಿನ ಮೂರು ಭಾಗಕ್ಕಿಂತ ಹೆಚ್ಚು ಮುಟ್ಟಬೇಡಿ, ಕುರಾನ್ ಭಾಗಕ್ಕೆ ಪ್ರತ್ಯೇಕ ಸಭೆ ಇಡಿ ಎಂದು ಮೇಷ್ಟ್ರನ್ನು ಕೇಳಿ ನೋಡಿ. ಯಾಜಕಕಾಂಡ 18 ಮತ್ತು 20ಕ್ಕೆ 35 ನಿಮಿಷ, ರೋಮಾ 1:18ರಿಂದ 2:1 ಹಾಗೂ ಮತ್ತಾಯ 19ಕ್ಕೆ 30, ಮನುವಿನ ಎರಡು ಜಾಗಕ್ಕೆ 30, ಕಾನೂನಿಗೆ 10. ಉಳಿದ 15 ನಿಮಿಷ ಮುಕ್ತ ಮಾತಿಗೆ. ಸೊದೋಮಿನ ಕಥೆ ಮತ್ತು ಗಿಬೆಯದನ್ನು ಮನೆಯಲ್ಲೇ ಓದಿಕೊಂಡು ಬರಲಿ, ಒಂದು ವಾರ ಮೊದಲೇ ಜೆರಾಕ್ಸ್ ಮಾಡಿ ಕೊಡಿ. ಪ್ರತಿ ಭಾಗದಲ್ಲೂ ಮೊದಲು ಗಟ್ಟಿಯಾಗಿ ಓದು, ಆಮೇಲೆ ಐದು ಕಾಲಂ ತುಂಬುವುದು, ಕೊನೆಗೆ ಮಾತ್ರ ‘ಇದು ಇಂದು ನಮಗೆ ಅನ್ವಯವೇ’ ಎಂಬ ಪ್ರಶ್ನೆ. ಕೊನೆಯದನ್ನು ಮೊದಲೇ ಎತ್ತಿದರೆ ಹೋದ ತಿಂಗಳು ಆದದ್ದೇ ಮತ್ತೆ ಆಗುತ್ತದೆ. ಸಾಂಪ್ರದಾಯಿಕ ಓದನ್ನು ಅದನ್ನು ನಂಬುವವರೇ ಹೇಳಲಿ, ಬದಲಾವಣೆಯ ಓದನ್ನು ಅದನ್ನು ನಂಬುವವರೇ ಹೇಳಲಿ.

ಇನ್ನೊಂದು ನಿಯಮವನ್ನು ಶುರುವಿನಲ್ಲೇ ಗಟ್ಟಿಯಾಗಿ ಹೇಳಿ. ಆ ಕೋಣೆಯಲ್ಲಿ ತನ್ನ ವಿಷಯ ಯಾರಿಗೂ ಹೇಳದೆ ಕುಳಿತ ಹುಡುಗನೋ ಹುಡುಗಿಯೋ ಇರಬಹುದು ಎಂದು ಭಾವಿಸಿಯೇ ಮಾತಾಡಬೇಕು. ವಾಕ್ಯದ ಬಗ್ಗೆ ಎಷ್ಟು ಬೇಕಾದರೂ ಜಗಳವಾಡಿ, ಊರಿನ ಯಾರ ಹೆಸರನ್ನೂ ಎತ್ತಬೇಡಿ, ಯಾರನ್ನೂ ‘ನೀನು ಹೇಳಪ್ಪ’ ಎಂದು ಒತ್ತಾಯಿಸಬೇಡಿ. ‘ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಸರಿಹೋಗುತ್ತೆ’ ಎಂಬ ಮಾತು ಬಂದರೆ ಸುಮ್ಮನಿರಬೇಡಿ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಮದ್ರಾಸ್ ಹೈಕೋರ್ಟಿನ ಆದೇಶದ ಬೆನ್ನಿಗೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ‘ಬದಲಾಯಿಸುವ ಚಿಕಿತ್ಸೆ’ ವೈದ್ಯರ ವೃತ್ತಿ ದುರ್ನಡತೆ ಎಂದು ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿದೆ.

---

ತುಂಗಭದ್ರಾ ದಂಡೆ, ಹರಿಹರ

ಕೊನೆಯ ನಿಯಮಕ್ಕೆ ನನ್ನದೂ ಒಪ್ಪಿಗೆ, ಓದಿನಲ್ಲಿ ನಾವು ಎಷ್ಟೇ ಬೇರೆಯಾಗಿದ್ದರೂ. ಸಾಂಪ್ರದಾಯಿಕ ಓದನ್ನು ಹೇಳಲು ಜನ ಬೇಕಿದ್ದರೆ ನಾನು ಬರುತ್ತೇನೆ. ಯಾವ ಭಾನುವಾರ ಎಂದು ಇಲ್ಲೇ ಬರೆಯಿರಿ. ಬೆಳಗಿನ ಆರಾಧನೆ ಮುಗಿದ ಮೇಲಿನ ಸಮಯವಾದರೆ ಹರಿಹರದಿಂದ ಉಳಿದವರೂ ಬರಲು ಅನುಕೂಲ. ಯಾಜಕಕಾಂಡ 18ನ್ನು ಗಟ್ಟಿಯಾಗಿ ಓದುವ ಕೆಲಸ ನನಗೇ ಇರಲಿ.